ಸ್ಕ್ರೂ ಮೇಸ್ತ್ರಿಯ ಸೊಸೆ

ಮಾವನಿಗೆ ಸಿಟ್ಟು ಬಂದರೆ ಉಪ್ಪು ಕೇಳುತ್ತಿದ್ದರು. ಕೂಗಾಡುವುದಿಲ್ಲ, ತಟ್ಟೆ ಸರಿಸಿ ಏಳುವುದಿಲ್ಲ. "ಉಪ್ಪು" ಎನ್ನುವುದು, ಅಷ್ಟೇ. ಅಡುಗೆಯಲ್ಲಿ ಉಪ್ಪು ಸರಿಯಾಗಿಯೇ ಇದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ, ಪಾಪ, ದಿನಕ್ಕೊಂದು ಚಿಟಿಕೆ ಹೆಚ್ಚು ಹಾಕುತ್ತ ಹೋಗಿದ್ದಳು. ವಾರದೊಳಗೆ ಮನೆಮಂದಿಯೆಲ್ಲ ನೀರು ಕುಡಿದು ಕುಡಿದು ಸುಸ್ತಾದ ಮೇಲೆ ಅತ್ತೆ ಅವಳನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದರು. "ಉಪ್ಪಿನ ಡಬ್ಬಿ ಎದುರಿಗಿಟ್ಟು ಸುಮ್ಮನಿದ್ದುಬಿಡು. ನಾನು ಇಷ್ಟು ವರ್ಷದಿಂದ ಮಾಡ್ತಿರೋದು ಅದೇ."

ಸೊಸೆ ಸ್ಕ್ಯಾನರ್ ಕೊಂಡು ತಂದ ದಿನ ಮಾವ ಒಂದೇ ಊಟದಲ್ಲಿ ಮೂರು ಸಲ ಉಪ್ಪು ಕೇಳಿದರು.

"ಅದೇನದು, ಬಿ.ಪಿ. ನೋಡೋ ಮಿಷನ್ನಾ?" ಎಂದರು, ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯ ಕಡೆ ಗದ್ದ ತೋರಿಸಿ.

"ಗಾಡಿಯ ಕಂಪ್ಯೂಟರ್ ಏನು ಹೇಳ್ತಿದೆ ಅಂತ ಓದೋದು, ಮಾವ."

"ಗಾಡಿ ಏನು ಹೇಳ್ತಿದೆ ಅಂತ ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ನಲ್ಲ."

ಹತ್ತು ವರ್ಷದ ಮೊಮ್ಮಗಳು ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ. ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ಆರು ವರ್ಷ ನಿಂತು ಕೂಡಿಟ್ಟ ದುಡ್ಡು ಅದು. ಎಂಟು ತಿಂಗಳು ಭಾನುವಾರದ ತರಗತಿಗೆ ಹೋಗಿ, ಇಪ್ಪತ್ತು ಹುಡುಗರ ನಡುವೆ ಒಬ್ಬಳೇ ಕೂತು ಕಲಿತದ್ದು. ಆ ಕೌಂಟರಿನಲ್ಲಿ ಅವಳು ಕಣ್ಣಾರೆ ಕಂಡಿದ್ದಳು: ಕಾರ್ಬ್ಯುರೇಟರ್ ರಿಪೇರಿ ಸಾಮಾನಿನ ಪೊಟ್ಟಣಗಳು ಕೆಳಗಿನ ಗೂಡಿನಿಂದ ಮೇಲಿನ ಗೂಡಿಗೆ, ಅಲ್ಲಿಂದ ಅಟ್ಟಕ್ಕೆ ಹೋದದ್ದು, ಅಟ್ಟಕ್ಕೆ ಹೋದ ಮೇಲೆ ಒಬ್ಬನೂ ಬಂದು ಕೇಳದಿದ್ದದ್ದು.

ಮಾವನ ಶೆಡ್ಡು ಮನೆಯ ಮುಂದೆಯೇ ಇತ್ತು. ಅಡುಗೆಮನೆಯ ಬಾಗಿಲು ತೆರೆದರೆ ನೇರ ಶೆಡ್ಡು. ಒಗ್ಗರಣೆಯ ವಾಸನೆ ಅತ್ತ ಹೋಗುತ್ತಿತ್ತು, ಪೆಟ್ರೋಲಿನ ವಾಸನೆ ಇತ್ತ ಬರುತ್ತಿತ್ತು. ಸುತ್ತಲಿನವರಿಗೆಲ್ಲ ಅವರು ಸ್ಕ್ರೂ ಮೇಸ್ತ್ರಿ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಒಂದು ಗೇಣುದ್ದದ ಸ್ಕ್ರೂಡ್ರೈವರ್. ಅದರ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಗಾಡಿಯವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಮೇಲೆ ಕಾಲು ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ. ಗೊರಗೊರ ಎನ್ನುತ್ತಿದ್ದ ಎಂಜಿನ್ನು ನಿದ್ದೆ ಹೋದ ಮಗುವಿನ ಹಾಗೆ ಉಸಿರಾಡುತ್ತಿತ್ತು. ಇದನ್ನೆಲ್ಲ ಸೊಸೆಯೂ ನೋಡಿದ್ದಳು, ಮೆಚ್ಚಿಯೂ ಇದ್ದಳು. ಈಗ ಅಂಥ ಗಾಡಿ ತಿಂಗಳಿಗೆ ಎರಡು ಬಂದರೆ ಹೆಚ್ಚು. ಉಳಿದವರು ಬಂದು ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಅದರಡಿ ತಂತಿಗಳ ಜಡೆ. ಮಾವ ಬಾನೆಟ್ ಧಡ್ಡನೆ ಮುಚ್ಚಿ, "ಇದು ಗಾಡಿಯಲ್ಲ, ರೇಡಿಯೋ. ರೇಡಿಯೋ ಅಂಗಡಿಗೆ ತಗೊಂಡು ಹೋಗಿ" ಎನ್ನುತ್ತಿದ್ದರು.

"ತಾತ, ಕಾರ್ಬ್ಯುರೇಟರ್ ಅಂದ್ರೆ ಏನು?" ಎಂದಳು ಮೊಮ್ಮಗಳು.

ಮಾವನ ಮುಖ ಅರಳಿತು. "ಎಂಜಿನ್ನು ಉಸಿರು ಎಳ್ಕೊಳ್ಳುತ್ತಲ್ಲ, ಆ ಗಾಳಿ ಒಂದು ಇಕ್ಕಟ್ಟಾದ ಗಂಟಲಲ್ಲಿ ನುಗ್ಗುತ್ತೆ. ನುಗ್ಗುವಾಗ ಪಕ್ಕದ ಸಣ್ಣ ತೂತಿಂದ ಪೆಟ್ರೋಲನ್ನ ತಾನೇ ಎಳ್ಕೊಂಡು ಹೋಗುತ್ತೆ. ಎಷ್ಟು ಎಳೀಬೇಕು ಅಂತ ಸ್ಕ್ರೂ ತಿರುಗಿಸಿ ಹೇಳೋನು ನಾನು."

"ಈಗ?"

"ಈಗ ನಿಮ್ಮಮ್ಮನ ಡಬ್ಬಿ ಹೇಳುತ್ತಂತೆ."

"ಡಬ್ಬಿ ಬರೀ ಓದುತ್ತೆ ಮಾವ, ಹೇಳೋದು ಗಾಡಿಯೊಳಗಿನ ಕಂಪ್ಯೂಟರ್" ಎಂದಳು ಸೊಸೆ. "ಈಗ ಎಂಜಿನ್ನು ಪೆಟ್ರೋಲನ್ನ ಎಳ್ಕೊಳ್ಳೋದಿಲ್ಲ, ಟ್ಯಾಂಕಿನೊಳಗಿನ ಪಂಪೇ ಒತ್ತಿ ಕಳಿಸುತ್ತೆ. ಎಷ್ಟು ಗಾಳಿ ಬಂತು, ಎಂಜಿನ್ ಎಷ್ಟು ಬಿಸಿಯಿದೆ, ಸುಟ್ಟ ಹೊಗೆ ಹೇಗಿದೆ ಎಲ್ಲಾ ನೋಡಿ, ಎಷ್ಟು ಹೊತ್ತು ಚಿಮ್ಮಿಸ್ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು, ಅಷ್ಟೇ. ಯಾವ ಕಿವೀಗೂ ಅದು..."

"ಉಪ್ಪು" ಎಂದರು ಮಾವ.

ಅವಳ ಗಂಡ ತಲೆ ಎತ್ತದೆ ಡಬ್ಬಿಯನ್ನು ಅಪ್ಪನ ಕಡೆ ಸರಿಸಿದ. ಊರೆಲ್ಲ ಸಾಮಾನು ಸಾಗಿಸುವ ವ್ಯಾನು ಓಡಿಸುವ ಅವನಿಗೆ ಮನೆಯೊಳಗೆ ಮಾತ್ರ ಯಾವ ರಸ್ತೆಯೂ ಗೊತ್ತಿರುತ್ತಿರಲಿಲ್ಲ. ಸೊಸೆ ಅವನನ್ನೇ ನೋಡಿದಳು. ಅವನು ಅನ್ನ ಕಲಸಿದ.

ಎರಡು ವಾರ ಸ್ಕ್ಯಾನರ್ ಫ್ರಿಜ್ಜಿನ ಮೇಲೆ ಕೂತಿತ್ತು. ಮೂರನೆಯ ವಾರ ಟ್ಯಾಕ್ಸಿ ಯಜಮಾನರು ಬಂದರು. ಒಂಬತ್ತು ಟ್ಯಾಕ್ಸಿಗಳ ಒಡೆಯ. ಅವೆಲ್ಲ ಕಾರ್ಬ್ಯುರೇಟರ್ ಗಾಡಿಗಳಾಗಿದ್ದ ಕಾಲದಲ್ಲಿ ಒಂಬತ್ತೂ ಮಾವನ ಕೈಯಲ್ಲೇ ಇದ್ದವು. ಈಗಿನ ಒಂಬತ್ತೂ ಇಂಜೆಕ್ಷನ್ ಗಾಡಿ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವಂಥವು. ಒಂದು ಟ್ಯಾಕ್ಸಿ ಮಧ್ಯಾಹ್ನದ ಬಿಸಿಲಿಗೆ ಸಿಗ್ನಲ್ಲಿನಲ್ಲಿ ನಿಂತರೆ ಆಫ್ ಆಗುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತಿತ್ತು.

"ಮೂರು ಕಡೆ ತೋರಿಸ್ದೆ ಮೇಸ್ತ್ರಿ. ಮೂರೂ ಕಡೆ ಮೂರು ಕಥೆ ಹೇಳಿದ್ರು. ತಲೆ ಕೆಟ್ಟು ನಿಮ್ಮ ಹತ್ರ ಬಂದೆ."

ಮಾವ ರೇಡಿಯೋ ಅಂಗಡಿಯ ಮಾತು ತೆಗೆಯುವ ಮೊದಲೇ ಸೊಸೆ ಅಡುಗೆಮನೆಯ ಬಾಗಿಲಿಂದ ಹೊರಗೆ ಬಂದಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಿಟ್ಟು ಹೋಗಿ, ನಾನು ನೋಡ್ತೀನಿ" ಎಂದಳು.

ಯಜಮಾನರು ಅವಳನ್ನು ನೋಡದೆ ಮಾವನನ್ನು ನೋಡಿದರು. ಮಾವ ಆಕಾಶ ನೋಡಿದರು.

"ನೋಡ್ಲಿ ಬಿಡಿ" ಎಂದರು ಯಜಮಾನರು ಕೊನೆಗೆ. "ಇದೊಂದು ಸರಿಯಾದ್ರೆ ಒಂಬತ್ತೂ ಇಲ್ಲಿಗೇ ಬರುತ್ತೆ. ಏನಾದ್ರೂ ಎಡವಟ್ಟಾದ್ರೆ ಮಾತ್ರ, ಅಮ್ಮಾ, ನಾನು ಮತ್ತೆ ಈ ಕಡೆ ತಲೆ ಹಾಕೋದಿಲ್ಲ."

ಒಂಬತ್ತು ಗಾಡಿ! ಸೊಸೆಗೆ ಆ ದಿನ ಹಸಿವೇ ಆಗಲಿಲ್ಲ. ಕೌಂಟರಿನ ಕೆಲಸ ಬಿಟ್ಟಾಗಿತ್ತು, ಕಲಿತದ್ದು ಕೈಯಲ್ಲಿತ್ತು. ಇಷ್ಟು ದಿನ ಇಲ್ಲದ್ದೆಂದರೆ ಅವಳ ಕೈಗೆ ಗಾಡಿ ಕೊಡುವ ಒಬ್ಬ ಮನುಷ್ಯ.

ಬಿಸಿಯಾದಾಗ ಕೆಡುವ ಗಾಡಿಯನ್ನು ಬಿಸಿಯಾದಾಗಲೇ ಹಿಡಿಯಬೇಕು. ಮೂರನೆಯ ದಿನ ಸುಡುಬಿಸಿಲಿನಲ್ಲಿ ಎಂಜಿನ್ನನ್ನು ಚಾಲೂ ಬಿಟ್ಟು, ಸ್ಕ್ಯಾನರ್ ಸಿಕ್ಕಿಸಿ ಕಾದು ಕೂತಳು. ಎಂಜಿನ್ನಿನ ಸುತ್ತು ಎಣಿಸುವ ಸೆನ್ಸರಿನ ಮೇಲೆ ಅವಳಿಗೆ ಅನುಮಾನ. ಅದು ಬಿಸಿಗೆ ಸೋತು ಎಣಿಕೆ ನಿಲ್ಲಿಸಿದರೆ, ಎಂಜಿನ್ನೇ ನಿಂತಿದೆಯೆಂದು ತಿಳಿದು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ನಲವತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಒಳಗಿಂದ ಅತ್ತೆಯ ಕೂಗು.

"ನಲ್ಲಿ ಬಂತು ಕಣೇ! ನನ್ನ ಮಂಡಿ ಕೇಳೋದಿಲ್ಲ, ಡ್ರಮ್ಮು ತುಂಬಿಸಿ ಹೋಗು!"

ಎರಡು ದಿನಕ್ಕೊಮ್ಮೆ ಬರುವ ನೀರು, ಅದೂ ಅರ್ಧ ಗಂಟೆ. ಯಾವ ಕಂಪ್ಯೂಟರ್ ಇದ್ದರೂ ಡ್ರಮ್ಮು ತುಂಬಿಸಲೇಬೇಕು. "ಮಾವ, ಅದನ್ನ ಮುಟ್ಟಬೇಡಿ, ಬಿಸಿಯಾಗ್ಲಿ ಅಂತ ಬಿಟ್ಟಿದೀನಿ" ಎಂದು ಓಡಿದಳು.

"ನಾನ್ಯಾಕೆ ಮುಟ್ಲಿ" ಎಂದರು ಮಾವ.

ವಾಪಸ್ಸು ಬಂದಾಗ ಎಂಜಿನ್ ಸುಮ್ಮನಿತ್ತು. ಮಾವ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು. "ಆಫ್ ಆಯ್ತು" ಎಂದರು.

ಕಾಯಿಲೆ ಸಿಕ್ಕಿಬಿತ್ತೆಂದು ಸೊಸೆ ಸಂಭ್ರಮದಿಂದ ಸ್ಕ್ಯಾನರ್ ನೋಡಿದಳು. ಪರದೆಯ ಮೇಲೆ ಒಂದೇ ಸಾಲು: ಗಾಡಿಯ ಜತೆ ಸಂಪರ್ಕ ಇಲ್ಲ. ತಂತಿ ಕಿತ್ತು ಸಿಕ್ಕಿಸಿದಳು. ಇಲ್ಲ. ಅರ್ಧ ಗಂಟೆ ಆರಲು ಬಿಟ್ಟು ಸೆಲ್ಫ್ ಹೊಡೆದಳು. ಎಂಜಿನ್ನು ತಿರುಗಿತು, ತಿರುಗಿತು, ಹತ್ತಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ಗ್ರಹಚಾರ. ನಾಲ್ಕು ದಿನ ಫ್ಯೂಸು ನೋಡಿದಳು, ಒಂದೊಂದು ತಂತಿಯನ್ನೂ ತುದಿಯಿಂದ ತುದಿಗೆ ತಡವಿದಳು. ಯಜಮಾನರ ಫೋನು ಬೆಳಿಗ್ಗೆ ಒಂದು, ಸಂಜೆ ಒಂದು. ಟ್ಯಾಕ್ಸಿ ನಿಲ್ದಾಣದಲ್ಲಿ ಸುದ್ದಿ ಹರಡಿತು: ಸ್ಕ್ರೂ ಮೇಸ್ತ್ರಿಯ ಸೊಸೆ ಓಡುವ ಗಾಡಿಯನ್ನು ಮಲಗಿಸಿದಳಂತೆ.

"ಬಂದಾಗ ಆಗಾಗ ಆಫ್ ಆಗ್ತಿತ್ತು" ಎಂದರು ಮಾವ ಊಟದ ಹೊತ್ತಿಗೆ. "ಆ ಡಬ್ಬಿ ಚುಚ್ಚಿದ ಮೇಲೆ ಪೂರ್ತಿ ಸತ್ತಿದೆ. ನಾನೇನೂ ಹೇಳ್ತಿಲ್ಲಪ್ಪ."

"ಹೇಳಿ ಆಯ್ತಲ್ಲ!" ಎಂದಳು ಸೊಸೆ. ಎದ್ದುಹೋಗಿ ಬಚ್ಚಲಮನೆಯ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ ಅಳೋಣವೆಂದರೆ ಅವತ್ತು ನೀರಿನ ದಿನವಲ್ಲ. ಸದ್ದಿಲ್ಲದೆ ಅತ್ತು ಬಂದಳು.

ಐದನೆಯ ದಿನ ಭಾನುವಾರದ ತರಗತಿಯ ಮೇಷ್ಟ್ರನ್ನು ಕರೆಸಿದಳು. ಅವರು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಮೂಗಿಗೆ ಹಿಡಿದು, ಅವಳ ಮೂಗಿಗೂ ಹಿಡಿದರು. ಸುಟ್ಟ ವಾಸನೆ. ಎಲ್ಲಿಂದಲೋ ಜಾಸ್ತಿ ಕರೆಂಟ್ ಹೊಡೆದಿದೆ, ಸ್ಕ್ಯಾನರಿನಿಂದ ಹೀಗಾಗುವುದಿಲ್ಲ, ಕರೆಂಟ್ ಹುಟ್ಟಿಸುವ ಡೈನಮೋ ನೋಡು ಎಂದು ಹೇಳಿ ಹೋದರು.

ಮಧ್ಯಾಹ್ನ ಊಟಕ್ಕೆ ಬೇಳೆ, ಅನ್ನ, ಬೇಯಿಸಿದ ಮೊಟ್ಟೆ. ಎಲ್ಲರೂ ಇದ್ದರು. ಮೇಷ್ಟ್ರು ಹೇಳಿದ್ದನ್ನು ಸೊಸೆ ಗಂಡನಿಗೆ ಹೇಳುತ್ತಿದ್ದಳು.

"ಡೈನಮೋ ತಪ್ಪಲ್ಲ ಅದು" ಎಂದರು ಮಾವ, ನಡುವೆ ಬಾಯಿ ಹಾಕಿ. ಈ ಸಲ ಚುಚ್ಚುವುದಕ್ಕಲ್ಲ, ನಿಜಕ್ಕೂ ನೆರವಾಗಲೆಂದೇ ಹೇಳಿದರು. "ಅದನ್ನ ನಾನು ಅವತ್ತೇ ಪರೀಕ್ಷೆ ಮಾಡಿದೀನಿ. ಗಾಡಿ ಓಡ್ತಿರುವಾಗ ಬ್ಯಾಟರಿಯ ತಂತಿ ಎತ್ತಿದೆ. ಎಂಜಿನ್ನು ಓಡ್ತಾನೇ ಇತ್ತು. ಡೈನಮೋ ಕೆಟ್ಟಿದ್ರೆ ಆಗ್ಲೇ ನಿಲ್ಬೇಕಿತ್ತಲ್ಲ? ತಂತಿ ಮತ್ತೆ ಇಟ್ಟೆ, ಕಿಡಿ ಹಾರ್ತು, ಆಮೇಲೆ ಆಫ್ ಆಯ್ತು. ಅದೇ ಕಾಯಿಲೆ ಬಂತು ಅಂದ್ಕೊಂಡೆ."

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು.

"ಓಡ್ತಿರುವಾಗ ಎತ್ತಿದ್ರಾ?"

"ನಿಂತಿರುವಾಗ ಎತ್ತಿ ಏನು ನೋಡೋದಮ್ಮ? ನಲವತ್ತು ವರ್ಷದಿಂದ ಹಾಗೇ ನೋಡ್ತಿರೋದು."

"ಮಾವ, ಹಳೇ ಗಾಡೀಲಿ ಸುಡೋಕೆ ಏನಿತ್ತು? ದೀಪ, ಹಾರನ್ನು. ಡೈನಮೋ ಕರೆಂಟ್ ಉಕ್ಕಿದ್ರೂ ನಡೀತಿತ್ತು. ಇದ್ರಲ್ಲಿ ಹಾಗಲ್ಲ. ಹಾಗೆ ಉಕ್ಕೋದನ್ನ ನುಂಗಿಕೊಳ್ಳೋದೇ ಬ್ಯಾಟರಿ. ಅದರ ತಂತಿ ಎತ್ತಿಬಿಟ್ರೆ ಅಷ್ಟೂ ಹೋಗಿ ಕಂಪ್ಯೂಟರಿಗೆ ಹೊಡೆಯುತ್ತೆ. ತರಗತೀಲಿ ನಮಗೆ ಮೊದಲನೇ ದಿನ ಹೇಳಿದ್ದೇ ಇದು." ಅವಳು ಏನೇ ಆದರೂ ಕೂಗಬಾರದೆಂದುಕೊಂಡಿದ್ದಳು, ಆದರೆ ಕೂಗಿದಳು. "ಮುಟ್ಟಬೇಡಿ ಅಂತ ಹೇಳಿ ಹೋಗಿದ್ದೆ! ಬರೀ ಅರ್ಧ ಗಂಟೆ! ಐದು ದಿನದಿಂದ ನಾನೇ ಏನೋ ಮಾಡಿದೀನಿ ಅಂತ ಸಾಯ್ತಿದೀನಿ ಇಲ್ಲಿ!"

ಅತ್ತೆ ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಯನ್ನು ಗಂಡನ ಮುಂದಿಟ್ಟರು. ಮಾವ ಅದರ ಕಡೆ ನೋಡಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಕೊನೆಯ ಅಗುಳಿನವರೆಗೂ ತಿಂದು, ತಟ್ಟೆಯನ್ನು ತಾವೇ ತೊಳೆದಿಟ್ಟು ಹೊರಗೆ ಹೋದರು.

"ಉಪ್ಪು ಕೇಳ್ಲಿಲ್ಲ" ಎಂದಳು ಮೊಮ್ಮಗಳು ಹೆದರಿ.

ಗಂಡ ಹೆಂಡತಿ ಕೋಣೆಯ ಬಾಗಿಲು ಮುಚ್ಚಿ ಜಗಳವಾಡಿದರು.

"ಅಪ್ಪ ಬೇಕು ಬೇಕು ಅಂತ ಮಾಡಿದ್ರಾ?"

"ಹಾಗಂತ ನಾನಂದ್ನಾ?"

"ಯಜಮಾನರಿಗೆ ಏನು ಹೇಳ್ತೀಯ ಈಗ?"

"ಆಗಿದ್ದು ಹೇಳ್ತೀನಿ."

"ನಲವತ್ತು ವರ್ಷದ ಹೆಸರು ಕಣೇ ಅದು. ಸ್ವಲ್ಪ ಯೋಚ್ನೆ ಮಾಡು."

"ನನ್ನ ಹೆಸರು ಹುಟ್ಟೋಕೆ ಮುಂಚೇನೇ ಹೋಯ್ತಲ್ಲ ರೀ, ಅದಕ್ಕೆ ಯಾರು ಯೋಚ್ನೆ ಮಾಡೋರು?"

ಅವನು ವ್ಯಾನಿನ ಕೀ ಹುಡುಕತೊಡಗಿದ. ಮಾತು ಇಕ್ಕಟ್ಟಿಗೆ ಬಂದಾಗಲೆಲ್ಲ ಅವನಿಗೆ ಒಂದು ಬಾಡಿಗೆ ನೆನಪಾಗುತ್ತಿತ್ತು.

ಹೊಸ ಕಂಪ್ಯೂಟರಿಗೆ ಮಾವ ಮರುದಿನ ಬೆಳಿಗ್ಗೆಯೇ ಬ್ಯಾಂಕಿನಿಂದ ದುಡ್ಡು ತೆಗೆದುಕೊಂಡು ಬಂದು ಸೊಸೆಯ ಮುಂದಿಟ್ಟರು. ಅವಳು ಅದನ್ನು ಕೂರಿಸಿದಳು, ಬಿಸಿಗೆ ಸೋಲುತ್ತಿದ್ದ ಸೆನ್ಸರನ್ನೂ ಹಿಡಿದು ಬದಲಿಸಿದಳು. ಎರಡು ಮಧ್ಯಾಹ್ನ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರೂ ಟ್ಯಾಕ್ಸಿ ಒಮ್ಮೆಯೂ ಆಫ್ ಆಗಲಿಲ್ಲ. ನಲ್ಲಿ ಬಂದಾಗ ಅತ್ತೆಯೇ ಮಂಡಿ ಹಿಡಿದುಕೊಂಡು ಡ್ರಮ್ಮಿನ ಹತ್ತಿರ ನಿಂತರು.

ಗಾಡಿ ಒಯ್ಯಲು ಯಜಮಾನರು ಡ್ರೈವರೊಬ್ಬನನ್ನು ಕೂರಿಸಿಕೊಂಡು ಇನ್ನೊಂದು ಟ್ಯಾಕ್ಸಿಯಲ್ಲಿ ಬಂದಿಳಿದರು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದು ನಿಂತರು.

"ಕಂಪ್ಯೂಟರ್ ಸುಟ್ಟಿದ್ದು ನಾನು. ಓಡ್ತಿರುವಾಗ ಬ್ಯಾಟರಿ ತಂತಿ ಎತ್ತಿದೆ. ಅವಳು ಮುಟ್ಟಬೇಡಿ ಅಂದಿದ್ಲು. ಸರಿ ಮಾಡಿದ್ದು ಅವಳು. ನಿಲ್ದಾಣದಲ್ಲಿ ಹಾಗೇ ಹೇಳಿ."

ಇಷ್ಟು ವರ್ಷದಲ್ಲಿ ಮಾವ "ತಪ್ಪು ನಂದು" ಎಂದದ್ದನ್ನು ಸೊಸೆ ಕೇಳಿಯೇ ಇರಲಿಲ್ಲ.

ಯಜಮಾನರು ಮಾವನ ಮುಖವನ್ನೇ ನೋಡಿದರು. ಆಮೇಲೆ ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರೇ ಬಂದಿತ್ತು.

"ದೊಡ್ಡ ಮನಸ್ಸು ಮೇಸ್ತ್ರಿ ನಿಮ್ದು! ಸೊಸೆ ಮಾಡಿದ್ದನ್ನ ತಲೆ ಮೇಲೆ ಹಾಕ್ಕೊಳ್ಳೋ ಮಾವ ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ!"

"ಅಲ್ರೀ, ನಾನು ನಿಜ ಹೇಳ್ತಿರೋದು."

"ನೀವಾ? ನಿಮ್ಮ ಕೈಯಾ? ನನಗೆ ಕಥೆ ಹೇಳ್ತೀರಾ?"

"ಹೌದು, ನಾನೇ! ನಂಬಿಕೆ ಬರಲ್ವಾ? ಹೊರಗೆ ನಿಂತಿದೆಯಲ್ಲ, ಅದರ ಕೀ ಕೊಡಿ. ನಿಮ್ಮ ಕಣ್ಣೆದುರೇ ಅದರ ಕಂಪ್ಯೂಟರ್ ಸುಟ್ಟು ತೋರಿಸ್ತೀನಿ!"

ಯಜಮಾನರ ಕೈ ಥಟ್ಟನೆ ಜೇಬಿಗೆ ಹೋಗಿ ಕೀ ಹಿಡಿದುಕೊಂಡಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಯ ಕಡೆ ತಿರುಗಿ, "ನೋಡಮ್ಮ, ಇಂಥ ಮಾವನ ಪಡಿಯೋಕೆ ಪುಣ್ಯ ಮಾಡಿರ್ಬೇಕು. ಇನ್ನಾದ್ರೂ ಜೋಪಾನ" ಎಂದರು. ಅವಳಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ಎಲ್ಲಿಗೆ ಎಸೆಯಬೇಕೋ ತಿಳಿಯಲಿಲ್ಲ. "ಮೇಸ್ತ್ರಿ, ನಿಮ್ಮ ಮುಖ ನೋಡಿ ಇನ್ನೊಂದು ಗಾಡಿ ಕಳಿಸ್ತೀನಿ. ಪೆಟ್ರೋಲು ಕುಡೀತಿದೆ, ಕಪ್ಪು ಹೊಗೆ. ಒಂದೇ ಮಾತು: ಮುಟ್ಟೋದು ನೀವೇ."

ಮಾವ ಒಂದು ಗಳಿಗೆ ತಡೆದರು. ಆಮೇಲೆ, "ಹೂಂ" ಎಂದುಬಿಟ್ಟರು.

"ಹೂಂ ಅಂದ್ರಲ್ಲ ಮಾವ!" ಎಂದಳು ಸೊಸೆ, ಟ್ಯಾಕ್ಸಿಗಳ ಸದ್ದು ತಿರುವಿನಲ್ಲಿ ಮರೆಯಾದ ಕೂಡಲೆ.

"ನಾನು ಹೇಳಿದೆ, ಆತ ನಂಬಲಿಲ್ಲ. ಏನು ಮಾಡ್ಲಿ? ಹೆಸರು ನಂದಿರಲಿ, ಕೆಲಸ ನೀನು ಮಾಡು. ಗಾಡಿ ಬರೋದು ಮುಖ್ಯ ಅಲ್ವಾ?"

"ಅದೇ ಸರಿ" ಎಂದ ಗಂಡ. ಅವನು ಯಾವುದನ್ನಾದರೂ ಇಷ್ಟು ಬೇಗ ಸರಿ ಎಂದದ್ದು ಅದೇ ಮೊದಲು.

"ಒಂಬತ್ತು ಗಾಡಿಗೂ ಹೀಗೇನಾ? ನಾನು ಬಾಗಿಲ ಹಿಂದೆ ನಿಂತು ಮಾಡೋದು, ಯಾರಾದ್ರೂ ಬಂದ್ರೆ ಓಡಿಹೋಗಿ ಒಲೆ ಮುಂದೆ ನಿಲ್ಲೋದು? ಕೆಟ್ರೆ ನಾನು, ಸರಿಯಾದ್ರೆ ನೀವು? ಆಗೋದಿಲ್ಲ ಮಾವ. ನಾನು ಆ ಗಾಡಿ ಮುಟ್ಟಲ್ಲ."

"ಹಟ ಮಾಡ್ಬೇಡ ಕಣಮ್ಮ" ಎಂದರು ಅತ್ತೆ.

"ಇದು ಹಟ ಅಲ್ಲ ಅತ್ತೆ. ಊಟ ಬಡಿಸ್ಲಾ?"

ಗಾಡಿ ಬಂತು. ಬಂದು ನಿಂತಿತು. ಸ್ಕ್ಯಾನರ್ ಮತ್ತೆ ಫ್ರಿಜ್ಜಿನ ಮೇಲೆ ಹೋಯಿತು. ಸೊಸೆ ಹೊತ್ತು ಹೊತ್ತಿಗೆ ಬಿಸಿಬಿಸಿ ಅಡುಗೆ ಮಾಡಿದಳು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದಳು, ಮಗಳ ಪುಸ್ತಕಗಳಿಗೆಲ್ಲ ರಟ್ಟು ಹಾಕಿದಳು. ಮಾವ ಗಾಡಿಯನ್ನು ಚಾಲೂ ಮಾಡಿದಾಗ ಹಸಿ ಪೆಟ್ರೋಲಿನ ಘಾಟು ಅಡುಗೆಮನೆಗೆ ನುಗ್ಗಿತು. ಅವಳ ತಲೆಯೊಳಗೆ ಆಗಲೇ ನಾಲ್ಕು ಕಾರಣ ಸಾಲಾಗಿ ನಿಂತವು. ಮೈ ಪರಚಿಕೊಳ್ಳುವ ಹಾಗಾಯಿತು. ಒಗ್ಗರಣೆ ಸೀದುಹೋಯಿತು.

ಮೊದಲ ದಿನ ಮಾವ ಗಾಡಿಯ ಸುತ್ತ ಓಡಾಡಿದರು. ಎರಡನೆಯ ದಿನ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಕಿವಿಗೊತ್ತಿ ಕೇಳಿದರು. ಎಲ್ಲಿ ತಪ್ಪುತ್ತಿದೆಯೆಂದು ಕೇಳಿಸಿತೋ ಏನೋ. ತಿರುಗಿಸೋಣವೆಂದರೆ ಸ್ಕ್ರೂ ಎಲ್ಲಿದೆ? ಮೂರನೆಯ ದಿನ ಬಾನೆಟ್ ಎತ್ತಲೂ ಇಲ್ಲ. ಊಟಕ್ಕೆ ಬಂದು ಕೂತರು, ತಿಂದು ಎದ್ದರು.

"ನಿಮಗೆ ಬರೋದಿಲ್ಲ ಅಂತ ಆತನಿಗೆ ಹೇಳಿದ್ರೆ ಬಾಯಿ ಸವೆಯುತ್ತಾ?" ಅತ್ತೆ ರೇಗಿದರು. "ಮೂರು ದಿನದಿಂದ ಆ ಹುಡುಗಿ ನನ್ನ ಪಾತ್ರೆ ಎಲ್ಲಾ ಉಜ್ಜಿ ಉಜ್ಜಿ ತೆಳ್ಳಗೆ ಮಾಡ್ತಿದಾಳೆ."

ಮಾವ ಚಪ್ಪಲಿ ಮೆಟ್ಟಿ ಶೆಡ್ಡಿಗೆ ನಡೆದರು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಯಜಮಾನರ ದನಿ ಕೇಳಿಸಿತು. ಸೊಸೆ ತರಕಾರಿ ಹೆಚ್ಚುತ್ತಿದ್ದಳು. ಕೈ ನಿಂತಿತು.

"ಏನ್ ಮೇಸ್ತ್ರಿ, ಇನ್ನೂ ಹಾಗೇ ಇದೆ?"

"ಮೇಸ್ತ್ರಿ ಕೆಲಸಕ್ಕೆ ಬಂದಿಲ್ಲ."

"ಇದ್ದೀರಲ್ಲ ಎದುರಿಗೆ!"

"ಇದು ಇಂಜೆಕ್ಷನ್ ಗಾಡಿ. ಇದರ ಮೇಸ್ತ್ರಿ ನಾನಲ್ಲ. ನನಗೆ ಇದು ಬರೋದಿಲ್ಲ ಕಣ್ರೀ." ಆಮೇಲೆ ಇನ್ನೂ ಗಟ್ಟಿಯಾಗಿ, ಅಡುಗೆಮನೆಗೆ ಕೇಳಲೆಂದೇ ಎನ್ನುವ ಹಾಗೆ, "ಬರೋದಿಲ್ಲ, ಗೊತ್ತಾಯ್ತಾ? ಬರೋರು ಒಳಗೆ ಅಡುಗೆ ಮಾಡ್ತಿದಾರೆ. ನಾನು ಕರೆದ್ರೆ ಬರಲ್ಲ. ಬೇಕಾದ್ರೆ ನೀವೇ ಹೋಗಿ ಕೇಳಿ. ಬೇಡದಿದ್ರೆ ಕೀ ಅಲ್ಲಿದೆ, ಗಾಡಿ ತಗೊಂಡು ಹೋಗಿ."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಹೆಚ್ಚುವುದನ್ನು ಮುಂದುವರಿಸಿದಳು. ಚೂರುಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬಂದವು. ಕೀ ಎತ್ತಿದ ಸದ್ದು ಕೇಳಿಸಿತು. ಆಯಿತು, ಒಂಬತ್ತೂ ಹೋಯಿತು ಎಂದುಕೊಂಡಳು. ಚಪ್ಪಲಿಯ ಸದ್ದು ಹೊರಗಿನ ಗೇಟಿನವರೆಗೆ ಹೋಯಿತು. ಅಲ್ಲಿ ನಿಂತಿತು. ಮತ್ತೆ ಇತ್ತ ಬಂತು.

ಯಜಮಾನರು ಅಡುಗೆಮನೆಯ ಹೊಸ್ತಿಲಿನಾಚೆ ನಿಂತಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ಗ್ಯಾಸ್ ಒಲೆಯನ್ನು ನೋಡುತ್ತ ಗಂಟಲು ಸರಿಮಾಡಿಕೊಂಡರು.

"ಅಮ್ಮಾ... ಗಾಡಿ ಸ್ವಲ್ಪ ನೋಡ್ತೀರಾ?"

"ನಾನು ನೋಡ್ತೀನಿ" ಎಂದಳು ಸೊಸೆ. "ನಾನೇ ನೋಡ್ದೆ ಅಂತ ನಿಲ್ದಾಣದಲ್ಲಿ ಹೇಳ್ಬೇಕು. ಕೆಟ್ರೂ ನಾನೇ, ಸರಿಯಾದ್ರೂ ನಾನೇ."

"ಹೂಂ" ಎಂದರು ಅವರು, ಅರ್ಧ ಮನಸ್ಸಿನಿಂದ.

ಚಾಕು ಅತ್ತೆಯ ಕೈಗೆ ಹೋಯಿತು. ಸೊಸೆ ಫ್ರಿಜ್ಜಿನ ಮೇಲಿಂದ ಸ್ಕ್ಯಾನರ್ ತೆಗೆದು ಅದರ ಧೂಳು ಒರೆಸಿ ಹೊರಗೆ ಬಂದಳು. ಬಾನೆಟ್ ಎತ್ತಿ, ತಂತಿ ಸಿಕ್ಕಿಸಿ, ಚಾಲೂ ಮಾಡಿದಳು. ಕಪ್ಪು ಹೊಗೆ ಬುಸ್ಸೆಂದಿತು. ಮಾವನ ಬಲಗೈ, ತನಗೆ ತಾನೇ, ಎಂಜಿನ್ನಿನ ಕಡೆ ಚಾಚಿತು.

"ಮಾವ, ಕೈ."

ಮಾವ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ಟೂಲಿನ ಪಕ್ಕ ಶಾಲೆಯ ಹುಡುಗನ ಹಾಗೆ ನಿಂತರು. ಅವಳಿಗೆ ಒಂದು ಗಳಿಗೆ ಕೆಡುಕೆನಿಸಿತು. ಆದರೂ ಪರವಾಗಿಲ್ಲ ಬನ್ನಿ ಎನ್ನಲಿಲ್ಲ.

ಯಜಮಾನರು ಐದು ನಿಮಿಷ ತಾಳಿದರು, ಆರನೆಯದಕ್ಕೆ ಆಗಲಿಲ್ಲ. ಹಳೆಯ ಚಾಳಿಯಂತೆ ಮಾವನ ಕಡೆ ತಿರುಗಿ, "ಏನಾಗಿದೆ ಮೇಸ್ತ್ರಿ?" ಎಂದರು.

ಮಾವ ಗದ್ದವನ್ನು ಸೊಸೆಯ ಕಡೆ ತೋರಿಸಿದರು.

ಯಜಮಾನರು ಅವಳ ಕಡೆ ತಿರುಗಿದರು. "ಏನಾಗಿದೆ... ಮೇಸ್ತ್ರಿ?"

"ಇನ್ನೂ ಗೊತ್ತಿಲ್ಲ" ಎಂದಳು ಸೊಸೆ, ಪರದೆಯಿಂದ ಕಣ್ಣು ತೆಗೆಯದೆ. "ಗೊತ್ತಾದ ಮೇಲೆ ಹೇಳ್ತೀನಿ. ಕೂತಿರಿ."